ಜಗಲಿಯ ಕೆಳಗಿನ ಸಹೋದ್ಯೋಗಿ: ಅಡಿಕೆ ಸೀಮೆಯ ಸಿದ್ದಿಯರು ಮತ್ತು ಸಮಾಜಕಾರ್ಯ ವೃತ್ತಿಯೊಳಗಿನ ಜನಾಂಗೀಯ ತಾರತಮ್ಯ

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಮಾರ್ಗರೆಟ್ ಆಳ್ವ. ಯೋಜನೆಯ ಹಿಂದಿದ್ದ ತರ್ಕ ಸರಳ: ಇವರ ಪೂರ್ವಜರು ಆಫ್ರಿಕಾದವರು, ಆಫ್ರಿಕನ್ನರು ಓಟದಲ್ಲಿ ಗೆಲ್ಲುತ್ತಾರೆ, ಆದ್ದರಿಂದ ಇವರೂ ದೇಶಕ್ಕೆ ಒಲಿಂಪಿಕ್ ಪದಕ ತರುತ್ತಾರೆ. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. 1993ರಲ್ಲಿ ಯೋಜನೆ ನಿಂತಾಗ ಉಳಿದವರು ಅರ್ಧ ಓದು, ಅರ್ಧ ತರಬೇತಿಯೊಂದಿಗೆ ಕಾಡಿನ ಕೇರಿಗಳಿಗೆ ಮರಳಿದರು.

ಈ ಯೋಜನೆಯಲ್ಲಿ ಯಾರಿಗೂ ಸಿದ್ದಿಯರ ಮೇಲೆ ದ್ವೇಷ ಇರಲಿಲ್ಲ, ಅಕ್ಕರೆಯೇ ಇತ್ತು. ಆದರೂ ಮೈಬಣ್ಣ ಮತ್ತು ಮೂಳೆಮಾಂಸವನ್ನು ನೋಡಿ ಒಂದು ಮಗು ಏನಾಗಬಲ್ಲದು ಎಂದು ತೀರ್ಮಾನಿಸುವ ನಂಬಿಕೆ ಅದರ ಬುಡದಲ್ಲೇ ಇತ್ತು. ಜನಾಂಗೀಯ ತಾರತಮ್ಯದ ತಿರುಳು ಅದೇ ನಂಬಿಕೆ. ದ್ವೇಷವಿಲ್ಲದೆ, ಸೇವೆಯ ಹೆಸರಿನಲ್ಲಿ, ಸರ್ಕಾರಿ ಅನುದಾನದಲ್ಲಿ ಅದು ನಡೆಯಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಈ ಲೇಖನದ ಪ್ರಶ್ನೆ ಕ್ರೀಡೆಗೆ ಸಂಬಂಧಿಸಿದ್ದಲ್ಲ. ಸಿದ್ದಿಯರ ನಡುವೆ ನಾಲ್ಕು ದಶಕಗಳಿಂದ ಕೆಲಸ ಮಾಡುತ್ತಿರುವ ಸಮಾಜಕಾರ್ಯ ವೃತ್ತಿ, ಅಂದರೆ ಸಂಘ ಸಂಸ್ಥೆಗಳು, ಇಲಾಖೆಯ ಕ್ಷೇತ್ರ ಸಿಬ್ಬಂದಿ, ಎಂಎಸ್‌ಡಬ್ಲ್ಯೂ ಎಂಬ ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಕಾಲೇಜುಗಳು, ಇದೇ ನಂಬಿಕೆಯಿಂದ ಎಷ್ಟು ಬಿಡಿಸಿಕೊಂಡಿದೆ? ನನ್ನ ವಾದ ಇಷ್ಟು: ಈ ಸೀಮೆಯಲ್ಲಿ ಸಮಾಜಕಾರ್ಯ ಸಿದ್ದಿಯರನ್ನು ಫಲಾನುಭವಿಗಳಾಗಿ ಒಪ್ಪಿಕೊಂಡಿದೆ, ಕಲಾವಿದರಾಗಿ ಮೆಚ್ಚಿಕೊಂಡಿದೆ, ಆದರೆ ತೀರ್ಮಾನ ಮಾಡುವ ಸಹೋದ್ಯೋಗಿಯಾಗಿ ಕಾಣುವುದು ಅಪರೂಪ. ಆ ಅಪರೂಪಕ್ಕೆ ಕಾರಣ ವ್ಯಕ್ತಿಗಳ ಕೆಟ್ಟತನದಲ್ಲಿಲ್ಲ. ಅಡಿಕೆ ಸೀಮೆಯ ಮನೆಯ ಕ್ರಮದಲ್ಲಿದೆ.

ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ದೊಡ್ಡ ಮನೆ ಎಂದರೆ ತೋಟ, ಬೆಟ್ಟ, ಗದ್ದೆ, ಆಳುಕಾಳು ಸೇರಿದ ಒಂದು ವ್ಯವಸ್ಥೆ. ಯಾರು ಒಳಗೆ ಬರಬಹುದು, ಯಾರು ಜಗಲಿಯ ತನಕ, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ ಗುಲಾಮರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಈ ಮನೆಗಳ ಆಳುಗಳಾದರು. ತೋಟದ ಕೆಲಸ, ಸೊಪ್ಪು ತರುವುದು, ಅಡಿಕೆ ಸುಲಿಯುವುದು, ದನ ಕಾಯುವುದು. ಮುಂಗಡದ ಸಾಲಕ್ಕೆ ವರ್ಷಗಟ್ಟಲೆ ದುಡಿದ ಕುಟುಂಬಗಳಿದ್ದವು. ಜೀತ ಪದ್ಧತಿ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಅದೇ ದಶಕದ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಚೀಟಿಯೂ ಇಲ್ಲದ, ಪಹಣಿಯಲ್ಲಿ ಹೆಸರೂ ಇಲ್ಲದ ಆಳಿಗೆ ಅದರಿಂದ ಸಿಕ್ಕಿದ್ದು ಕಡಿಮೆ.

ಕಾಡಿನ ಕಾನೂನನ್ನು ಇದರ ಜೊತೆಗಿಟ್ಟು ನೋಡಬೇಕು. ಬ್ರಿಟಿಷರ ಕಾಲದ ನಿಯಮದಂತೆ ಅಡಿಕೆ ತೋಟಗಾರನಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಸೊಪ್ಪಿನ ಬೆಟ್ಟದ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡಿನ ಸೌಲಭ್ಯ ಸಿಗುತ್ತಿತ್ತು. ಅದೇ ಕಾಡಿನಲ್ಲಿ ಸಿದ್ದಿ ಕುಟುಂಬ ಎರಡು ಎಕರೆ ಸಾಗುವಳಿ ಮಾಡಿದರೆ ಅದರ ಹೆಸರು ಅತಿಕ್ರಮಣ. ಒಬ್ಬನ ಸೌಲಭ್ಯ ಒಂದು ದಾಖಲೆಯಲ್ಲಿ, ಇನ್ನೊಬ್ಬನ ಅಪರಾಧ ಇನ್ನೊಂದು ದಾಖಲೆಯಲ್ಲಿ. ಸಮಾಜಕಾರ್ಯಕರ್ತ ಈ ಊರುಗಳಿಗೆ ಬಂದಾಗ ಆತನ ಮುಂದೆ ಇದ್ದದ್ದು ಈಗಾಗಲೇ ತೀರ್ಮಾನವಾದ ಸ್ಥಾನಗಳು. ಆತ ಉಳಿದುಕೊಂಡದ್ದು, ಊಟ ಮಾಡಿದ್ದು ಬಹುಮಟ್ಟಿಗೆ ಜಗಲಿ ಇರುವ ಮನೆಗಳಲ್ಲಿ. ಸಿದ್ದಿ ಹಿರಿಯರನ್ನು ಒಡೆಯರು ಏಕವಚನದಲ್ಲಿ ಕರೆಯುತ್ತಿದ್ದರು. ಇಪ್ಪತ್ತೈದರ ಕ್ಷೇತ್ರ ಕಾರ್ಯಕರ್ತನೂ ಎಪ್ಪತ್ತರ ಸಿದ್ದಿ ಅಜ್ಜನಿಗೆ ‘ಏನೋ, ಅರ್ಜಿ ತಂದ್ಯಾ’ ಎಂದೇ ಕೇಳುವುದು ಕ್ರಮವಾಯಿತು. ಅವನಿಗೆ ಅದು ಆತ್ಮೀಯತೆ. ಅದೇ ಆತ್ಮೀಯತೆಯನ್ನು ಆತ ಜಗಲಿ ಇರುವ ಮನೆಯ ಅಜ್ಜನ ಮೇಲೆ ಪ್ರಯೋಗಿಸುವುದಿಲ್ಲ.

ಸಿದ್ದಿಯರ ಬಗೆಗಿನ ವೃತ್ತಿಪರ ಬರವಣಿಗೆಯ ಕಥೆ ಇನ್ನೂ ಸಂಕೀರ್ಣ. ಟಿ.ಸಿ. ಪಾಲಾಕ್ಷಪ್ಪನವರ ಅಧ್ಯಯನ ಪ್ರಕಟವಾದದ್ದು 1976ರಲ್ಲಿ. 1984ರಲ್ಲಿ ಸಿಪ್ರಿಯನ್ ಲೋಬೊ ಸಿದ್ಧಪಡಿಸಿದ ವರದಿಯ ಉದ್ದೇಶವೇ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ವಾದಿಸುವುದಾಗಿತ್ತು. ಕಿರಣ್ ಕಮಲ್ ಪ್ರಸಾದರ ಜನಾಂಗ ಅಧ್ಯಯನ 2005ರಲ್ಲಿ ಪುಸ್ತಕವಾಯಿತು. ಈ ಬರಹಗಳಿಲ್ಲದೆ, ಕ್ರೈಸ್ತ ಪಾದ್ರಿಗಳು ಮತ್ತು ಸಿದ್ದಿ ಮುಖಂಡರು 1980ರ ದಶಕದಲ್ಲಿ ಕಟ್ಟಿದ ಸಂಘಟನೆಗಳಿಲ್ಲದೆ, 2003ರಲ್ಲಿ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರ್ಪಡೆ ಆಗುತ್ತಿರಲಿಲ್ಲ. ಅದನ್ನು ಒಪ್ಪಿಯೇ ಮುಂದಿನ ಮಾತು ಆಡಬೇಕು. 1965ರ ಲೋಕೂರ್ ಸಮಿತಿ ಪರಿಶಿಷ್ಟ ಪಂಗಡಕ್ಕೆ ಇಟ್ಟ ಮಾನದಂಡಗಳು ಐದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಹಾಗಾಗಿ ಸಿದ್ದಿಯರಿಗೆ ಹಕ್ಕು ಕೊಡಿಸಲು ಹೊರಟವರು ಮೊದಲು ಸಿದ್ದಿಯರು ಆದಿಮರೆಂದು ಸಾಬೀತು ಮಾಡಬೇಕಾಯಿತು. ಮೂರು ಧರ್ಮಗಳಲ್ಲಿ ಬಾಳುವ, ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ, ಕೆಲವರು ಉರ್ದುವನ್ನೂ ಆಡುವ ಜನರ ಬಗ್ಗೆ ‘ಬೆರೆಯಲು ಸಂಕೋಚ’ ಎಂದು ಅರ್ಜಿಯಲ್ಲಿ ತುಂಬಬೇಕಾಯಿತು. ಅರ್ಜಿ ಗೆದ್ದಿತು, ಆದರೆ ಅರ್ಜಿಯ ಭಾಷೆ ಕಡತದಿಂದ ಕಾಲೇಜಿನ ಪಾಠಕ್ಕೆ, ಪಾಠದಿಂದ ಕ್ಷೇತ್ರ ವರದಿಗೆ ಹರಿಯಿತು. ಇಂದಿಗೂ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿ ಬರೆಯುವ ಸಿದ್ದಿ ವರದಿ ಅವರ ಸಾಂಪ್ರದಾಯಿಕ ಡಮಾಮಿ ಕುಣಿತ, ಗುಂಗುರು ಕೂದಲು, ಕುಡಿತದ ಚಟ ಎಂಬ ಜಾಡಿನಲ್ಲೇ ಸಾಗುವುದಕ್ಕೆ ಇದೊಂದು ಕಾರಣವೆಂದು ನಾನು ಭಾವಿಸುತ್ತೇನೆ.

ಕಾನೂನು ಒಂದು ಹೆಜ್ಜೆ ತಪ್ಪಿದರೆ ಬದುಕು ಎಷ್ಟು ತಪ್ಪುತ್ತದೆ ಎಂಬುದಕ್ಕೂ ಅದೇ ಸೇರ್ಪಡೆ ಸಾಕ್ಷಿ. 2003ರಲ್ಲಿ ಪಟ್ಟಿಗೆ ಸೇರಿದ್ದು ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು ಮಾತ್ರ. ಹಳಿಯಾಳದವರು ಪರಿಶಿಷ್ಟ ಪಂಗಡವಾದರು, ಪಕ್ಕದ ಖಾನಾಪುರ, ಕಲಘಟಗಿಯವರು ಆಗಲಿಲ್ಲ. ಈ ನಡುವೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿ ತೋರಿಸಿದರೆ ಸಾಕು; ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ಸಾಬೀತು ಮಾಡಬೇಕು. ಒಂದೇ ಬಳಗದ ಎರಡು ಕುಟುಂಬಗಳಿಗೆ ಜಿಲ್ಲೆಯ ಗಡಿ ಎರಡು ಬೇರೆ ಕಾನೂನನ್ನು ಕೊಟ್ಟಿತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಯರು ಪಟ್ಟಿಗೆ ಸೇರಿದ್ದು 2020ರಲ್ಲಿ. ಗುಜರಾತಿನ ಸಿದ್ದಿಯರು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲೂ ಇದ್ದಾರೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವವರು ಕೊರಗರು ಮತ್ತು ಜೇನುಕುರುಬರು ಮಾತ್ರ.

ವೃತ್ತಿಯ ಒಳಗಿನ ಏಣಿಗೆ ಬರೋಣ. ಸಿದ್ದಿ ಯುವಕ ಯುವತಿಯರು ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿಲ್ಲವೇ? ಮಾಡುತ್ತಿದ್ದಾರೆ. ಕೇರಿಗೆ ಹೋಗಿ ಸಭೆ ಸೇರಿಸುವುದು, ಸ್ವಸಹಾಯ ಸಂಘದ ಪುಸ್ತಕ ಬರೆಯಿಸುವುದು, ಕೊಂಕಣಿಯಲ್ಲಿ ಮಾತಾಡಿ ಆಧಾರ್, ಪಡಿತರ ಚೀಟಿ ಒಟ್ಟುಮಾಡುವುದು ಅವರ ಪಾಲು. ಆ ಮಾಹಿತಿ ಮೇಲೆ ಹೋಗಿ ಇಂಗ್ಲಿಷ್ ವರದಿಯಾಗುವಾಗ, ದಾನಿಗಳ ಮುಂದೆ ಮಂಡನೆಯಾಗುವಾಗ, ಮುಂದಿನ ವರ್ಷದ ಬಜೆಟ್ ಹಂಚಿಕೆಯಾಗುವಾಗ ಅವರು ಕೋಣೆಯಲ್ಲಿರುವುದಿಲ್ಲ. ಕಾರಣ ಕೇಳಿದರೆ ಸಿದ್ಧ ಉತ್ತರವಿದೆ: ವಿದ್ಯಾರ್ಹತೆ. ಸಿದ್ದಿಯರಲ್ಲಿ ಈಗ ಪದವೀಧರರು, ಸ್ನಾತಕೋತ್ತರ ಓದಿದವರು ಇದ್ದಾರೆ, ಆ ಉತ್ತರದ ಬಲ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಅತಿಥಿಗಳು ಬಂದ ದಿನ ಮಾತ್ರ ಅದೇ ಕಾರ್ಯಕರ್ತೆಗೆ ಡಮಾಮಿ ಕುಣಿತಕ್ಕೆ ಬರಲು ಹೇಳಿಕೆ ಬರುತ್ತದೆ. ಕುಣಿತ ಅವಮಾನವಲ್ಲ. ಯೋಜನೆಯ ಲೆಕ್ಕ ಗೊತ್ತಿರುವವಳನ್ನು ಆ ಲೆಕ್ಕ ಹೇಳಲು ಕರೆಯದೆ ಕುಣಿಯಲು ಕರೆಯುವುದು ಅವಮಾನ.

ರಂಗಭೂಮಿ ಇಲ್ಲಿ ಕೊಂಚ ಬೇರೆ ದಾರಿ ಹಿಡಿದಿತ್ತು. ನೀನಾಸಂ ರಂಗಸಂಸ್ಥೆಯ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಯರೊಂದಿಗೆ ಚಿನುವ ಅಚಿಬೆಯ ಕಾದಂಬರಿ ಆಧರಿಸಿದ ನಾಟಕ ಕಟ್ಟಿದಾಗ, ಸಿದ್ದಿಯರು ಅತಿಥಿಗಳ ಮುಂದಿನ ಮನರಂಜನೆಯಾಗದೆ ಕಥೆಯ ಒಡೆಯರಾಗಿ ನಿಂತರು. ಅಲ್ಲಿಯೂ ಅವರಿಗೆ ಸಿಕ್ಕಿದ್ದು ಆಫ್ರಿಕಾದ ಕಥೆಯೇ ಎಂದು ಯಾರಾದರೂ ತಕರಾರು ಎತ್ತಬಹುದು, ತಕರಾರು ನ್ಯಾಯವೇ. ಆದರೂ ತಾಲೀಮಿನ ಶಿಸ್ತು ನಟನನ್ನು ನಟನಾಗಿ ನೋಡಿತು. ಮುಂದೆ ಆ ಸಮುದಾಯದಿಂದ ವೃತ್ತಿನಟರು ಬಂದದ್ದಕ್ಕೂ ಆ ಶಿಸ್ತಿಗೂ ಸಂಬಂಧವಿದೆ.

ಒಪ್ಪಬೇಕಾದ ಅಪವಾದವೂ ಇದೆ. ವನವಾಸಿ ಕಲ್ಯಾಣ ಎಂಬ ಸಂಘಟನೆಯಲ್ಲಿ ದೀರ್ಘಕಾಲ ದುಡಿದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ರಾಜ್ಯದ ಶಾಸನಸಭೆಯಲ್ಲಿ ಕೂತ ಮೊದಲ ಸಿದ್ದಿ ಅವರು. ಆ ಸಂಘಟನೆಯ ರಾಜಕೀಯ ಏನೇ ಇರಲಿ, ಕ್ಷೇತ್ರ ಕಾರ್ಯಕರ್ತನೊಬ್ಬ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಉಳಿಯಬೇಕಿಲ್ಲ ಎಂದು ಅದು ತೋರಿಸಿತು. ತಮ್ಮನ್ನು ಹೆಚ್ಚು ಪ್ರಗತಿಪರರೆಂದು ಭಾವಿಸುವ ಸಂಸ್ಥೆಗಳು ಇದಕ್ಕೆ ಏನು ಉತ್ತರ ಕೊಡುತ್ತವೆ ಎಂಬ ಕುತೂಹಲ ನನಗಿದೆ.

ಬೇರೆ ದೇಶಗಳಲ್ಲಿ ಈ ವೃತ್ತಿ ತನ್ನೊಳಗಿನ ತಾರತಮ್ಯವನ್ನು ಎದುರಿಸಿದ ರೀತಿಯಿಂದ ಎರಡು ಪಾಠ ಕಲಿಯಬಹುದು. ಬ್ರಿಟನ್ನಿನಲ್ಲಿ ಲೀನಾ ಡೊಮಿನೆಲ್ಲಿಯವರ ವರ್ಣಭೇದ ವಿರೋಧಿ ಸಮಾಜಕಾರ್ಯದ ಪುಸ್ತಕ 1988ರಲ್ಲಿ ಬಂತು. ಮರುವರ್ಷ ಅಲ್ಲಿನ ಸಮಾಜಕಾರ್ಯ ಶಿಕ್ಷಣದ ಕೇಂದ್ರ ಮಂಡಳಿ ವರ್ಣಭೇದ ವಿರೋಧವನ್ನು ಸಮಾಜಕಾರ್ಯ ಡಿಪ್ಲೊಮಾದ ಕಡ್ಡಾಯ ಭಾಗ ಮಾಡಿತು. ಪತ್ರಿಕೆಗಳು, ರಾಜಕಾರಣಿಗಳು ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಆ ಮಾತುಗಳನ್ನು ಮೆತ್ತಗೆ ಮಾಡಲಾಯಿತು. ಪಠ್ಯದಲ್ಲಿ ಮಾತ್ರ ಬರೆದದ್ದು ಪಠ್ಯದಿಂದ ಅಳಿಸಿಹೋಗುವುದು ಸುಲಭ. ಅಮೆರಿಕದ ರಾಷ್ಟ್ರೀಯ ಸಮಾಜಕಾರ್ಯಕರ್ತರ ಸಂಘ 2021ರ ಜೂನ್‌ನಲ್ಲಿ ಕ್ಷಮೆ ಕೇಳಿತು. ಆ ಕ್ಷಮೆಯ ಬೆಲೆ ಇರುವುದು ವಿವರಗಳಲ್ಲಿ: ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳುವ ಕೆಲಸದಲ್ಲಿ ಸಮಾಜಕಾರ್ಯಕರ್ತರಿದ್ದರು, ಟಸ್ಕಗೀ ಸಿಫಿಲಿಸ್ ಪ್ರಯೋಗಕ್ಕೆ ಕಪ್ಪು ಜನರನ್ನು ಒಟ್ಟುಮಾಡುವುದರಲ್ಲಿದ್ದರು, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕೀಳುವುದರಲ್ಲಿದ್ದರು. ನಮ್ಮ ವೃತ್ತಿ ತನ್ನ ಕಡತಗಳನ್ನು ಹೀಗೆ ತೆರೆದು ನೋಡಿಕೊಂಡಿಲ್ಲ. 1936ರಲ್ಲಿ ಮುಂಬಯಿಯಲ್ಲಿ ಟಾಟಾ ಸಮಾಜಕಾರ್ಯ ಶಾಲೆ, 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು ಶುರುವಾದಾಗಿನಿಂದ ನಾವು ಬಡತನ, ಜಾತಿ, ಲಿಂಗದ ಬಗ್ಗೆ ಮಾತಾಡುವುದನ್ನು ಕಲಿತಿದ್ದೇವೆ. ಜನಾಂಗೀಯ ತಾರತಮ್ಯ ಎಂದರೆ ಮಾತ್ರ ಅದು ಬಿಳಿಯರ ರೋಗ ಎಂದು ಪುಟ ತಿರುಗಿಸುತ್ತೇವೆ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿದ ಮೇಲೂ ಆ ಪುಟ ಹಾಗೇ ಇದೆ. ಅಂಥ ನಗರಕ್ಕೆ ದುಡಿಯಲು ಹೋದ ಯಲ್ಲಾಪುರದ ಸಿದ್ದಿ ಹುಡುಗರನ್ನು ಯಾವ ದೇಶದವರೆಂದು ಕನ್ನಡದಲ್ಲೇ ಕೇಳುತ್ತಾರೆ.

ದೂರು ಕೊಡಲು ಜಾಗವೇ ಇಲ್ಲದಿರುವುದು ನಮ್ಮ ದೊಡ್ಡ ಕೊರತೆ. ವಕೀಲರಿಗೆ, ವೈದ್ಯರಿಗೆ ಇರುವಂಥ ಶಾಸನಬದ್ಧ ಪರಿಷತ್ತು ಭಾರತದ ಸಮಾಜಕಾರ್ಯಕರ್ತರಿಗೆ ಒಟ್ಟಾಗಿ ಇಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಒಳಗೊಂಡಿತು. ಕೇರಿಯಲ್ಲಿ ಕೆಲಸ ಮಾಡುವವರು ಹೊರಗೇ ಉಳಿದರು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಸಿದ್ದಿಯರಿಗೆ ಅನ್ವಯವಾಗತೊಡಗಿದ್ದೇ 2003ರ ಸೇರ್ಪಡೆಯ ನಂತರ. ಅದು ನಾಲ್ಕು ಜನರ ಎದುರಿನ ನಿಂದನೆಯನ್ನು ಶಿಕ್ಷಿಸುತ್ತದೆ, ಕರ್ತವ್ಯ ಮರೆತ ಸಾರ್ವಜನಿಕ ನೌಕರನನ್ನೂ ಶಿಕ್ಷಿಸಬಲ್ಲದು. ಆದರೆ ಬಡ್ತಿ ಕೊಡದ, ಸಭೆಗೆ ಕರೆಯದ, ವರದಿಯಲ್ಲಿ ಹೆಸರು ಹಾಕದ ಖಾಸಗಿ ಸಂಸ್ಥೆಯ ಸಂಯೋಜಕ ಅದರ ಹಿಡಿತಕ್ಕೆ ಸಿಗುವುದು ಕಷ್ಟ. ಸಂವಿಧಾನದ 15ನೇ ವಿಧಿ ಜಾತಿಯ ಜೊತೆಗೇ ಮೂಲವಂಶದ ತಾರತಮ್ಯವನ್ನೂ ನಿಷೇಧಿಸಿದೆ, ಆದರೆ ಅದು ಮುಖ್ಯವಾಗಿ ಪ್ರಭುತ್ವವನ್ನು ಕಟ್ಟಿಹಾಕುವ ವಿಧಿ.

ಸಂವೇದನಾ ಶಿಬಿರಗಳಿಂದ ಇದು ಸರಿಹೋಗುತ್ತದೆಂದು ನನಗೆ ನಂಬಿಕೆಯಿಲ್ಲ. ಶಿಬಿರದಲ್ಲಿ ಎಲ್ಲರೂ ಒಳ್ಳೆಯವರು. ಬದಲಾಗಬೇಕಾದದ್ದು ಯಾರ ಕೈಯಲ್ಲಿ ಕಡತ ಇದೆ ಎಂಬುದು, ಮತ್ತು ಅದಕ್ಕೆ ಮಾದರಿ ನಮ್ಮ ಕಾನೂನಿನಲ್ಲೇ ಇದೆ. ಅರಣ್ಯ ಹಕ್ಕು ನಿಯಮಗಳ 2012ರ ತಿದ್ದುಪಡಿಯ ಪ್ರಕಾರ ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಕನಿಷ್ಠ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರಿರಬೇಕು, ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಆ ಸಮಿತಿಗೆ ತರಬೇತಿ ಕೊಡುವ ಸಂಸ್ಥೆಗೆ ಅಂಥ ಯಾವ ಷರತ್ತೂ ಇಲ್ಲ. ಬುಡಕಟ್ಟು ಕಲ್ಯಾಣದ ಅನುದಾನ ಅಥವಾ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಪಡೆಯುವ ಸಂಸ್ಥೆ, ತಾನು ಕೆಲಸ ಮಾಡುವ ಸಮುದಾಯದವರು ತನ್ನ ಆಡಳಿತ ಮಂಡಳಿಯಲ್ಲಿ, ಸಂಯೋಜಕರ ಹುದ್ದೆಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಪ್ರತಿ ವರ್ಷ ಪ್ರಕಟಿಸಬೇಕೆಂಬ ಷರತ್ತು ಹಾಕಲು ಹೊಸ ಕಾಯ್ದೆ ಬೇಕಿಲ್ಲ, ಮಂಜೂರಾತಿ ಆದೇಶದಲ್ಲಿ ಒಂದು ಸಾಲು ಸಾಕು. ಎಂಎಸ್‌ಡಬ್ಲ್ಯೂ ವಿಭಾಗಗಳೂ ಯಲ್ಲಾಪುರ, ಹಳಿಯಾಳಕ್ಕೆ ಕಳಿಸುವ ವಿದ್ಯಾರ್ಥಿಗಳ ಕ್ಷೇತ್ರ ಕಾರ್ಯದ ಅಂಕಗಳಲ್ಲಿ ಒಂದು ಪಾಲನ್ನು ಆ ಊರಿನ ಅರಣ್ಯ ಹಕ್ಕು ಸಮಿತಿಯ ಕೈಗೆ ಕೊಡಬಹುದು. ವರದಿಯನ್ನು ಕನ್ನಡದಲ್ಲಿ ಸಮಿತಿಯ ಮುಂದೆ ಓದಿ, ಒಪ್ಪಿಗೆ ಪಡೆದು, ಆಮೇಲೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಲಿ. ಕುಡಿತದ ಚಟ ಎಂಬ ಅಧ್ಯಾಯ ಬರೆದವನು ಅದನ್ನು ಆ ಸಭೆಯ ಎದುರು ನಿಂತು ಓದಬೇಕಾಗುತ್ತದೆ.