ದೇವರಾಯನದುರ್ಗ: ಜೀರ್ಣೋದ್ಧಾರವೋ, ಅಭಿವೃದ್ಧಿಯೋ?

ತುಮಕೂರಿಗೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ದೇವರಾಯನದುರ್ಗಕ್ಕೆ ಹಿಂದೆ ಆನೆಬಿದ್ದಸರಿ ಎಂಬ ಹೆಸರಿತ್ತು. ಜಡಕನೆಂಬ ನಾಯಕನ ವಶವಾದಾಗ ಅದು ಜಡಕನದುರ್ಗವಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಗೆದ್ದ ಮೇಲೆ ಈಗಿನ ಹೆಸರು ಬಂದಿತು. ಹೆಸರು ಬದಲಾದರೂ ಕೆಳಗಿನ ಭೋಗನರಸಿಂಹ, ಮೇಲಿನ ಯೋಗನರಸಿಂಹ, ಬೆಟ್ಟದ ನರಸಿಂಹತೀರ್ಥ, ಪರಾಶರತೀರ್ಥ, ಪಾದತೀರ್ಥಗಳು ಉಳಿದುಬಂದವು. 1858ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಗೋಪುರ ಪ್ರಾಕಾರಗಳ ದುರಸ್ತಿಯಾಯಿತು. ಇದ್ದುದನ್ನು ಕೆಡವದೆ ಬಲಪಡಿಸುವುದೇ ಜೀರ್ಣೋದ್ಧಾರ.

ಈಗ ಬೆಂಗಳೂರಿನಿಂದ ಎರಡು ಗಂಟೆಯ ದಾರಿ. ರಜೆಯ ದಿನಗಳಲ್ಲಿ ವಾಹನಗಳ ಸಾಲು ಬೆಟ್ಟವೇರುತ್ತದೆ. ಜನ ಹೆಚ್ಚಿದಂತೆ ಅಗಲವಾದ ರಸ್ತೆ, ವಾಹನ ನಿಲ್ಲಿಸುವ ಜಾಗ, ವಸತಿಗೃಹ ಬೇಕೆನಿಸುವುದು ಸಹಜ. ಆದರೆ ಇಲ್ಲಿ ಕಲ್ಲು, ಕಾಡು, ನೀರು ಬೇರೆಬೇರೆಯಲ್ಲ. ಬಂಡೆಯ ಮೇಲೆ ಬಿದ್ದ ಮಳೆಯೇ ದೊಣೆಗಳನ್ನು ತುಂಬುತ್ತದೆ. ಜಯಮಂಗಲಿ ನದಿ ಹುಟ್ಟುವುದೂ ಈ ಬೆಟ್ಟದಲ್ಲೇ. ಇಳಿಜಾರನ್ನು ಕಡಿದು ಕಾಂಕ್ರೀಟು ಹಾಸಿದರೆ ನೀರಿನ ದಾರಿ ತಪ್ಪುತ್ತದೆ. ಹಳೆಯ ಕಲ್ಲುಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಕಲ್ಲೇ ಸವೆಯುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳೂ ಗುತ್ತಿಗೆದಾರರೂ ಇದ್ದೀರಿ. ದುರ್ಗದ ಕೆಲಸ ನಿಮ್ಮ ಕೈಗೆ ಬಂದರೆ ವಾಹನಗಳಿಗೆ ಬೆಟ್ಟದ ಕೆಳಗೇ ಜಾಗ ಮಾಡಿ. ಮೇಲಿನ ಮೆಟ್ಟಿಲುಗಳನ್ನು ಇದ್ದಂತೆಯೇ ಸರಿಪಡಿಸಿ.