ಜಾಝ್ ಸಂಗೀತವೂ ಕಲಾಂತರಗಳಲ್ಲಿ ಅದರ ಸಂವಾದವೂ

ಒಂದು ಕಲೆಯಿಂದ ಮತ್ತೊಂದು ಕಲೆಗೆ ಸ್ಫೂರ್ತಿಯುಂಟಾಯಿತೆಂದು ಹೇಳುವುದು ಸುಲಭ. ಒಂದರಿಂದ ಮತ್ತೊಂದಕ್ಕೆ ಸಂದ ವಸ್ತು ಯಾವುದೆಂದು ನಿರ್ಣಯಿಸುವುದು ಕಷ್ಟ. ಕವಿಯು ಸಂಗೀತವನ್ನು ಕೇಳಿ ಕವಿತೆಯನ್ನು ರಚಿಸಿದಾಗ ಸ್ವರಗಳು ಕಾಗದದ ಮೇಲೆ ಇಳಿದುಬರುವುದಿಲ್ಲ. ಚಿತ್ರಕಾರನು ಕೇಳಿದ ತಾಳವು ಪಟದ ಮೇಲೆ ಶಬ್ದಮಾಡುವುದಿಲ್ಲ. ಹೀಗಿರಲು ಋಣವೆಂಬುದು ಎಲ್ಲಿ ನೆಲಸಿದೆ? ಅಮೆರಿಕಾ ದೇಶದ ಜಾಝ್ ಸಂಗೀತದ ಚರಿತ್ರೆಯಲ್ಲಿ ಈ ಪ್ರಶ್ನೆಯು ಕೇವಲ ಶಾಸ್ತ್ರವಿನೋದವಲ್ಲ. ಆ ಕಲೆಯನ್ನು ಹುಟ್ಟಿಸಿದ ಜನರಿಗೆ ಸಲ್ಲಬೇಕಾದ ಕೀರ್ತಿಯು ಹಲವು ವೇಳೆ ಅನ್ಯರಿಗೆ ಸಂದಿತು. ಆದುದರಿಂದ ಅನುಕರಣವಾವುದು, ಸ್ಫೂರ್ತಿಯಾವುದು ಎಂಬ ವಿವೇಕವು ಅಲ್ಲಿ ನ್ಯಾಯದ ವಿಷಯವೂ ಆಗಿದೆ.

ಈ ವಿವೇಕಕ್ಕೆ ತಕ್ಕ ಮಾನದಂಡವು ಸಂಸ್ಕೃತ ಅಲಂಕಾರಶಾಸ್ತ್ರದಲ್ಲಿ ದೊರೆಯುತ್ತದೆ. ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳೊಳಗಣ ಹೋಲಿಕೆಯನ್ನು ಸಂವಾದವೆಂದು ಕರೆದು, ಅದನ್ನು ಮೂರು ಬಗೆಯಾಗಿ ವಿಭಾಗಿಸಿದನು. ಕನ್ನಡಿಯ ಪ್ರತಿಬಿಂಬದಂತೆ ತನ್ನದೆಂಬ ಆತ್ಮವೇ ಇಲ್ಲದುದು ಒಂದು. ಚಿತ್ರದಂತೆ ಆತ್ಮವು ತುಚ್ಛವಾಗಿರುವುದು ಎರಡನೆಯದು. ಇಬ್ಬರು ಮನುಷ್ಯರು ಅವಯವಗಳಲ್ಲಿ ಹೋಲುತ್ತಿದ್ದರೂ ಜೀವಗಳು ಬೇರೆಯಾಗಿರುವಂತೆ, ತುಲ್ಯದೇಹಿಯೆನಿಸುವುದು ಮೂರನೆಯದು. ಮೊದಲಿನ ಎರಡು ಕವಿಗೆ ತ್ಯಾಜ್ಯ, ಕಡೆಯದು ಗ್ರಾಹ್ಯ. ಅನಂತರದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಸೇರಿಸಿದನು. ಅಲ್ಲಿ ಮೂಲವು ಒಂದೇ, ಪರಿಕರವು ಮಾತ್ರ ಬಹುದೂರ ಭಿನ್ನ. ಈ ವಿಭಾಗವು ಕಾವ್ಯಕಾವ್ಯಗಳ ವಿಷಯದಲ್ಲಿ ಹೇಳಲ್ಪಟ್ಟುದಾದರೂ ಸಂಗೀತ, ಚಿತ್ರ, ಕಾವ್ಯಗಳ ಪರಸ್ಪರ ಸಂಬಂಧಕ್ಕೂ ಅನ್ವಯಿಸಬಲ್ಲುದೆಂಬುದು ಮುಂದಿನ ಉದಾಹರಣೆಗಳಿಂದ ತಿಳಿದುಬರುತ್ತದೆ.

ಜಾಝ್ ಸಂಗೀತದ ಜನ್ಮಭೂಮಿ ಅಮೆರಿಕಾದ ದಕ್ಷಿಣದಲ್ಲಿರುವ ನ್ಯೂ ಆರ್ಲಿಯನ್ಸ್ ಪಟ್ಟಣ. ಅಲ್ಲಿ ಗುಲಾಮರು ಭಾನುವಾರಗಳಂದು ಕೂಡುವುದಕ್ಕೆ ಗೊತ್ತಾದ ಸ್ಥಳವೊಂದೇ ಇರತಕ್ಕದ್ದೆಂದು 1817ರಲ್ಲಿ ಪಟ್ಟಣದ ಕಟ್ಟಳೆಯಾಯಿತು. ಕಾಂಗೊ ಚೌಕವೆಂದು ಹೆಸರಾದ ಆ ಬಯಲಿನಲ್ಲಿ ಆಫ್ರಿಕಾಮೂಲದ ಜನರ ಮದ್ದಳೆಯೂ ಕುಣಿತವೂ ಉಳಿದುಬಂದುವು. 1865ರಲ್ಲಿ ಗುಲಾಮಗಿರಿಯು ರದ್ದಾದ ಬಳಿಕ ದೇವಾಲಯಗಳ ಹಾಡು, ಹೊಲಗಳ ದುಡಿಮೆಯ ಕೂಗು, ಬ್ಲೂಸ್ ಎಂಬ ದುಃಖಗೀತ, ಮೆರವಣಿಗೆಯ ಹಿತ್ತಾಳೆಯ ವಾದ್ಯಗಳು, ಇವೆಲ್ಲವೂ ಬೆರೆತು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಸಂಗೀತವು ರೂಪುಗೊಂಡಿತು. ಇದರ ಪ್ರಾಣವಿರುವುದು ಮನೋಧರ್ಮದಲ್ಲಿ. ಗೊತ್ತಾದ ಒಂದು ಮಟ್ಟು, ಗೊತ್ತಾದ ಒಂದು ಆವರ್ತ. ಅದರ ಕಟ್ಟನ್ನು ಮೀರದೆ ವಾದಕನೊಬ್ಬನು ಆ ಕ್ಷಣದಲ್ಲಿ ಹೊಸದನ್ನು ಕಲ್ಪಿಸಬೇಕು, ಉಳಿದವರು ಅದನ್ನು ಕೇಳುತ್ತಲೇ ಅನುಸರಿಸಬೇಕು, ಮುಂದಾಳುತನವು ಒಬ್ಬನಿಂದ ಒಬ್ಬನಿಗೆ ಸರದಿಯಂತೆ ಸಾಗಬೇಕು.

ಪ್ರತಿಬಿಂಬಕ್ಕೆ ಉದಾಹರಣೆಯು ಈ ಚರಿತ್ರೆಯ ಬಾಗಿಲಲ್ಲಿಯೇ ಇದೆ. ಜಾಝ್ ಎಂಬ ಹೆಸರಿನಿಂದ ಮೊಟ್ಟಮೊದಲು ಮಾರಾಟಕ್ಕೆ ಬಂದ ಧ್ವನಿಮುದ್ರಿಕೆಯು 1917ರದು. ಅದನ್ನು ನುಡಿಸಿದವರು ನ್ಯೂ ಆರ್ಲಿಯನ್ಸಿನ ಬಿಳಿಯರ ತಂಡದವರು. ಅವರಲ್ಲಿ ವಾದನಪಟುತ್ವವಿರಲಿಲ್ಲವೆಂದಲ್ಲ, ಆದರೆ ಆ ತಂಡದ ಮುಖಂಡನು ಈ ಕಲೆಯು ತಮ್ಮದೇ ಸೃಷ್ಟಿಯೆಂದು ಸಾರಿಕೊಂಡನು. ಬಿಂಬವನ್ನು ಮರೆಮಾಡುವ ಪ್ರತಿಬಿಂಬವು ದೋಷವೇ ಸರಿ. 1922ರಲ್ಲಿ ಸ್ಕಾಟ್ ಫಿಟ್ಜೆರಾಲ್ಡನ ಕಥಾಸಂಗ್ರಹವು ಜಾಝ್ ಯುಗವೆಂಬ ಮಾತನ್ನು ತನ್ನ ಹೆಸರಿನಲ್ಲಿ ತಳೆದು ಬಂದಿತು. ಆ ಮಾತು ಆ ದಶಕಕ್ಕೇ ಬಿರುದಾಯಿತು. ಆಗ ಭಿತ್ತಿಪತ್ರಗಳಲ್ಲಿಯೂ ವಿಲಾಸಗೃಹಗಳಲ್ಲಿಯೂ ಸ್ಯಾಕ್ಸೊಫೋನಿನ ಆಕೃತಿಯು ಮೋಜಿನ ಚಿಹ್ನೆಯಾಗಿ ಹಬ್ಬಿತು. ಅದು ಆಲೇಖ್ಯದ ಬಗೆ: ಆಕಾರವುಂಟು, ಉಸಿರಿಲ್ಲ. ವಾದ್ಯಗಾರನನ್ನು ಬರೆದ ಮಾತ್ರಕ್ಕೆ ವಾದನವನ್ನು ಬರೆದಂತಾಗುವುದಿಲ್ಲ.

ತುಲ್ಯದೇಹಿಗೆ ಲ್ಯಾಂಗ್ಸ್ಟನ್ ಹ್ಯೂಸ್ ಕವಿಯ ಕೃತಿಯು ಲಕ್ಷ್ಯವಾಗಿ ನಿಲ್ಲುತ್ತದೆ. 1926ರಲ್ಲಿ ಪ್ರಕಟವಾದ ಅವನ 'ದಿ ವಿಯರಿ ಬ್ಲೂಸ್' ಸಂಕಲನಕ್ಕೆ ಹೆಸರನ್ನಿತ್ತ ಕವಿತೆಯಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ರಾತ್ರಿ ಪಿಯಾನೊ ನುಡಿಸಿ ಹಾಡುವವನೊಬ್ಬನು ವರ್ಣಿತನಾಗಿದ್ದಾನೆ. ಬ್ಲೂಸ್ ಗೀತದ ಪದ್ಯಕ್ಕೆ ಸಾಮಾನ್ಯವಾಗಿ ಮೂರು ಪಾದಗಳು. ಮೊದಲನೆಯದೇ ಎರಡನೆಯದಾಗಿ ಮರಳುತ್ತದೆ. ಮೂರನೆಯದು ಅವಕ್ಕೆ ಉತ್ತರವಾಗುತ್ತದೆ. ಹನ್ನೆರಡು ಅಳತೆಗಳ ಆ ಆವರ್ತದಲ್ಲಿ ಪ್ರತಿಪಾದಕ್ಕೂ ನಾಲ್ಕು. ಕಂಠವು ತಂಗಿದೆಡೆಯಲ್ಲಿ ವಾದ್ಯವು ಮಾರುತ್ತರ ಕೊಡುತ್ತದೆ. ಹ್ಯೂಸನು ಈ ಅವಯವಸಂಧಾನವನ್ನು ಕವಿತೆಯೊಳಕ್ಕೆ ತಂದು, ಗಾಯಕನ ಹಾಡಿನ ಸುತ್ತ ಕೇಳುಗನ ಮಾತನ್ನು ಹೆಣೆದನು. ಹಾಡು ಜನರದು, ಕೇಳಿದ ಕಿವಿಯು ಕವಿಯದು. ಪಂಡಿತಭಾಷೆಗೆ ಹೊರಗೆಂದು ಎಣಿಸಲ್ಪಟ್ಟಿದ್ದ ಜನರ ನುಡಿಯು ಹೀಗೆ ತನ್ನ ಛಂದಸ್ಸಿನೊಡನೆಯೇ ಸಾಹಿತ್ಯದಲ್ಲಿ ಪೀಠವನ್ನು ಪಡೆಯಿತು.

ಇದರ ವಿಲೋಮಕ್ರಮವೂ ಕಾಣಬರುತ್ತದೆ. ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನರು 1957ರಲ್ಲಿ ಷೇಕ್ಸ್‌ಪಿಯರನ ಪಾತ್ರಗಳನ್ನು ಆಧರಿಸಿ 'ಸಚ್ ಸ್ವೀಟ್ ಥಂಡರ್' ಎಂಬ ವಾದ್ಯಪ್ರಬಂಧವನ್ನು ರಚಿಸಿದರು. ಅದರಲ್ಲಿ ಸಾನೆಟ್ ಎಂಬ ಹೆಸರಿನ ಖಂಡಗಳಲ್ಲಿ, ಹದಿನಾಲ್ಕು ಪಂಕ್ತಿಗಳೂ ಪಂಕ್ತಿಗೆ ಹತ್ತು ಅಕ್ಷರಗಳೂ ಉಳ್ಳ ಆ ಛಂದಸ್ಸಿಗೆ ಸರಿಯಾಗಿ, ಹತ್ತುಹತ್ತು ಸ್ವರಗಳ ಹದಿನಾಲ್ಕು ಖಂಡಿಕೆಗಳನ್ನು ಜೋಡಿಸಿದರು. ಕಾವ್ಯವು ಗಾನದಿಂದ ಪಡೆದುದನ್ನು ಗಾನವು ಕಾವ್ಯದಿಂದಲೂ ಪಡೆದಂತಾಯಿತು.

ಪರಪುರಪ್ರವೇಶವು ಇವೆರಡಕ್ಕಿಂತಲೂ ಗಹನ. ಹಾಲೆಂಡಿನ ಚಿತ್ರಕಾರ ಪೀಟ್ ಮೊಂಡ್ರಿಯಾನನು ಯುದ್ಧಕಾಲದಲ್ಲಿ, 1940ರಲ್ಲಿ, ನ್ಯೂಯಾರ್ಕಿಗೆ ಬಂದನು. ಅಲ್ಲಿ ಅವನ ಮನಸ್ಸನ್ನು ಸೆಳೆದುದು ಬೂಗಿ ವೂಗಿ ಎಂಬ ಪಿಯಾನೊ ವಾದನ. ಎಡಗೈಯು ಒಂದೇ ಪಲುಕನ್ನು ಬಿಡದೆ ಮರಳಿಸುತ್ತಿರಲು ಬಲಗೈಯು ಅದಕ್ಕೆ ಎದುರಾಗಿ ತುಂಡುತುಂಡಾದ ಸ್ವರಗಳನ್ನು ಎಸೆಯುವುದು ಅದರ ಲಕ್ಷಣ. ಬಹುವರ್ಷಗಳಿಂದ ಕಪ್ಪುಗೆರೆಗಳ ಚೌಕಟ್ಟಿನಲ್ಲಿ ಬರೆಯುತ್ತಿದ್ದ ಅವನು, 1942–43ರ 'ಬ್ರಾಡ್ವೇ ಬೂಗಿ ವೂಗಿ' ಎಂಬ ಪಟದಲ್ಲಿ ಕಪ್ಪನ್ನು ತೊರೆದು, ಹಳದಿಯ ಪಟ್ಟಿಗಳನ್ನು ಕೆಂಪು, ನೀಲಿ, ಬೂದಿ ಬಣ್ಣದ ಸಣ್ಣ ಚೌಕಗಳಿಂದ ಕಡಿದುಕಡಿದು ನಡೆಯಿಸಿದನು. ಅದರಲ್ಲಿ ಪಿಯಾನೊ ಇಲ್ಲ, ವಾದಕನಿಲ್ಲ. ಎಡೆಬಿಡದ ಗತಿಯೂ ಅದಕ್ಕೆ ಒದಗುವ ತಡೆಯೂ ಮಾತ್ರ ಇವೆ. ಮೂಲವು ಒಂದೇ, ಪರಿಕರವು ದೂರ.

ರೊಮೇರ್ ಬಿಯರ್ಡನ್ ಎಂಬ ಚಿತ್ರಕಾರನ ವೃತ್ತಾಂತವು ಈ ತತ್ತ್ವವನ್ನು ಇನ್ನಷ್ಟು ವಿಶದಗೊಳಿಸುತ್ತದೆ. ಹಿರಿಯ ಚಿತ್ರಕಾರ ಸ್ಟುವರ್ಟ್ ಡೇವಿಸನು ಅವನಿಗೆ ಅರ್ಲ್ ಹೈನ್ಸನ ಪಿಯಾನೊವಾದನವನ್ನು ಕೇಳೆಂದು ಬೋಧಿಸಿದನು. 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ತುತ್ತೂರಿಯೊಡನೆ 'ವೆಸ್ಟ್ ಎಂಡ್ ಬ್ಲೂಸ್' ಮುದ್ರಿಕೆಯಲ್ಲಿ ನುಡಿಸಿದವನೇ ಈ ಹೈನ್ಸ್. ಬಿಯರ್ಡನ್ನನು ಕೇಳುತ್ತ ಕೇಳುತ್ತ ಸ್ವರಗಳಿಗಿಂತ ಸ್ವರಗಳ ನಡುವಣ ಮೌನಕ್ಕೆ ಕಿವಿಗೊಟ್ಟನು. ಆ ಮೌನವೇ ಅವನ ಪಟಗಳಲ್ಲಿ ಆಕೃತಿ ಆಕೃತಿಗಳ ನಡುವಣ ಬಯಲಾಯಿತು. ಚಿತ್ರವಿದ್ಯೆಯ ಶಿಷ್ಯನಿಗೆ ಗುರುವು ತೋರಿಸಿದುದು ಮತ್ತೊಂದು ಚಿತ್ರವನ್ನಲ್ಲ, ಗಾನವನ್ನು. ಅದರಿಂದ ಅವನು ಪಡೆದುದು ನಾದವನ್ನೂ ಅಲ್ಲ, ನಾದದ ವಿರಾಮವನ್ನು.

ಇದೇ ಬಗೆಯು ಸಂಗೀತಗಾರನ ಕೈಯಲ್ಲಿ ಪರಾಕಾಷ್ಠೆಗೆ ಏರಿದುದನ್ನು ಜಾನ್ ಕೋಲ್ಟ್ರೇನನ 'ಎ ಲವ್ ಸುಪ್ರೀಮ್' ಕೃತಿಯಲ್ಲಿ ನೋಡಬಹುದು. 1964ರ ಡಿಸೆಂಬರ್ 9ರಂದು ಮುದ್ರಿತವಾಗಿ 1965ರಲ್ಲಿ ಪ್ರಕಟವಾದ ಈ ಕೃತಿಯು ನಾಲ್ಕು ಭಾಗಗಳುಳ್ಳದ್ದು. ಕಡೆಯ ಭಾಗಕ್ಕೆ ಸ್ತೋತ್ರವೆಂಬ ಅರ್ಥದ ಹೆಸರು. ಕೋಲ್ಟ್ರೇನನೇ ಬರೆದ ದೇವಸ್ತುತಿಯೊಂದು ಮುದ್ರಿಕೆಯ ಹೊದಿಕೆಯಲ್ಲಿ ಅಚ್ಚಾಗಿತ್ತು. ಆ ಭಾಗದಲ್ಲಿ ಹಾಡುವವರು ಯಾರೂ ಇಲ್ಲ. ಆದರೆ ಸ್ಯಾಕ್ಸೊಫೋನು ಆ ಸ್ತುತಿಯ ಪದಗಳನ್ನೇ ಅಕ್ಷರಕ್ಕೆ ಸ್ವರವಾಗಿ ಅನುಸರಿಸಿ ಹೋಗುತ್ತದೆಯೆಂಬುದನ್ನು ಲೂಯಿಸ್ ಪೋರ್ಟರ್ ಎಂಬ ವಿದ್ವಾಂಸನು ತೋರಿಸಿಕೊಟ್ಟನು. ವಾಕ್ಕು ಬಾಯಿಯನ್ನು ಬಿಟ್ಟು ವಾದ್ಯದ ದೇಹವನ್ನು ಹೊಕ್ಕಿತು.

ಈ ಸಂವಾದಕ್ಕೆ ಕರ್ಣಾಟಕವೂ ಹೊರತಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿಯವರ ವಾದ್ಯಗಾನಗಳೊಡನೆ ಅಮೆರಿಕಾದ ಜಾಝ್ ವಾದಕ ಚಾರ್ಲಿ ಮಾರಿಯಾನೊ ಕೂಡಿ ನುಡಿಸಿದ 'ಜ್ಯೋತಿ' ಎಂಬ ಮುದ್ರಿಕೆಯು 1983ರದು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿ, ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತು, ಗಮಕಗಳಿಗೆ ಒದಗುವಂತೆ ಅದರ ಕೀಲಿಗಳನ್ನು ಮಾರ್ಪಡಿಸಿ ಕರ್ಣಾಟಕ ಸಂಗೀತವನ್ನು ನುಡಿಸಿದರು. ಭಾರತೀಯ ಮೂಲದ ಅಮೆರಿಕಾದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ಅವರು ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಹೊರಬಂದಿತು. ವಾದ್ಯವೆಂಬ ದೇಹವು ಅಲ್ಲಿ ಎರಡು ಕಡೆಗೂ ಒಂದೇ, ಜೀವಗಳು ಎರಡು. ಒಬ್ಬರು ಮತ್ತೊಬ್ಬರಾಗಲು ಹವಣಿಸಲಿಲ್ಲ. ಅದುಕಾರಣ ಆ ಸಮಾಗಮವು ಸಾರ್ಥಕವಾಯಿತು.

ಹೀಗೆ ವಿಚಾರಿಸಿದಲ್ಲಿ ಜಾಝ್ ಅನ್ಯಕಲೆಗಳಿಗೆ ದಾನಮಾಡಿದುದು ತನ್ನ ಸದ್ದನ್ನಲ್ಲ, ತನ್ನ ನಿಯಮವನ್ನು: ಕಟ್ಟಿನೊಳಗಣ ಸ್ವಾತಂತ್ರ್ಯ, ಮರಳಿಕೆಯೊಳಗಣ ನವ್ಯತೆ, ಅನ್ಯನ ನುಡಿಗೆ ಕಿವಿಗೊಟ್ಟ ಬಳಿಕ ತನ್ನ ನುಡಿ. ಸದ್ದನ್ನು ಕೊಂಡವರು ಮೂಲವನ್ನು ಮರೆಮಾಡಿದರು. ನಿಯಮವನ್ನು ಕೊಂಡವರ ಕೃತಿಗಳಾದರೋ ಮೂಲವನ್ನೇ ನೆನಪಿಗೆ ತರುತ್ತವೆ. ಋಣವನ್ನು ಒಪ್ಪಿಕೊಂಡ ಕೃತಿಯೇ ಸ್ವತಂತ್ರವಾಗಿಯೂ ನಿಲ್ಲುತ್ತದೆ. ಭಾನುವಾರವೊಂದೇ ತಮ್ಮದಾಗಿದ್ದ ಜನರು ಬಯಲಿನಲ್ಲಿ ಉಳಿಸಿಕೊಂಡ ಒಂದು ಗತಿಯು ಕವಿಗಳ ಪಾದಗಳಲ್ಲಿಯೂ ಚಿತ್ರಕಾರರ ಪಟಗಳಲ್ಲಿಯೂ ನಡೆಯುತ್ತಿದೆ. ಅದರ ಹುಟ್ಟನ್ನು ತಿಳಿದು ಕೇಳುವುದು ಸಹೃದಯರ ಕರ್ತವ್ಯ.