ನಳಿಗೆಗೆ ಒಗ್ಗುವ ಗುಂಡು

ನಾನು ಓಹಿಯೋದಲ್ಲಿ ನೆಲೆಸಿದ ಕೊಡಗಿನವನು. ಕೋವಿಯನ್ನು ಗೌರವಿಸುತ್ತಲೇ ಬೆಳೆದವನು. ಇಲ್ಲಿನ ಜೋಳದ ಹೊಲಗಳು ಸಮತಟ್ಟು, ನಡುನಡುವೆ ಮನೆಗಳು. ರೈಫಲ್ ಗುಂಡು ಬಲು ದೂರ ಹಾರುತ್ತದೆಂದು ಜಿಂಕೆ ಬೇಟೆಗೆ ದಶಕಗಳ ಕಾಲ ಶಾಟ್‌ಗನ್ನೇ ಮುಖ್ಯ ಆಯುಧವಾಗಿತ್ತು. 2014ರಿಂದಷ್ಟೇ ಕೆಲವು ಬಗೆಯ ರೈಫಲ್‌ಗಳಿಗೆ ಅನುಮತಿ ಸಿಕ್ಕಿದೆ.

ಶಾಟ್‌ಗನ್ನಿನ ಒಂಟಿ ಸೀಸದ ಗುಂಡೇ ಸ್ಲಗ್. 1898ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ ತಮ್ಮ ಸ್ಲಗ್ಗಿನ ಹಿಂಬದಿಗೆ ಹಗುರವಾದ ಬಿಲ್ಲೆ ಜೋಡಿಸಿದರು. 1931ರಲ್ಲಿ ಅಮೆರಿಕದ ಕಾರ್ಲ್ ಫಾಸ್ಟರ್ ಹಿಂಭಾಗವನ್ನೇ ಟೊಳ್ಳು ಮಾಡಿದರು. ಎರಡರಲ್ಲೂ ಭಾರ ಮೂತಿಯಲ್ಲಿದೆ. ಅದರಿಂದಲೇ ಗುಂಡು ಪಲ್ಟಿಯಾಗದೆ ನೇರ ಸಾಗುತ್ತದೆ. ಮೈಮೇಲಿನ ಓರೆ ಗೀರುಗಳ ಮುಖ್ಯ ಕೆಲಸ ಗುಂಡನ್ನು ತಿರುಗಿಸುವುದಲ್ಲ. ಕಿರಿದಾದ ನಳಿಗೆ ಬಾಯಲ್ಲಿ ಸೀಸ ಹಿಸುಕಿಕೊಂಡು ಸಲೀಸಾಗಿ ಹೊರಬರಲು ಅವು ಬೇಕು. ಮುಂದೆ ಒಳಗೀರಿನ ನಳಿಗೆಯೂ ಪ್ಲಾಸ್ಟಿಕ್ ಕವಚದ ಸಾಬೊ ಗುಂಡೂ ಬಂದವು.

ಆದರೂ ಎಲ್ಲ ಕೋವಿಗೂ ಹೊಂದುವ ತೋಟಾ ಇಲ್ಲ. 50 ಗಜ ದೂರದಲ್ಲಿ ಕಾಗದ ಕಟ್ಟಿ, ಪ್ರತಿ ಬಗೆಯಲ್ಲೂ ಮೂರು ಗುಂಡು ಹಾರಿಸಿ, ತೂತುಗಳು ಒತ್ತೊತ್ತಾಗಿ ಬೀಳುವುದನ್ನೇ ಆರಿಸಿಕೊಳ್ಳಿ. ಜಿಂಕೆ ಗಾಯಗೊಂಡು ನರಳದಂತೆ ನೋಡಿಕೊಳ್ಳುವುದು ಬೇಟೆಗಾರನ ಮೊದಲ ಕರ್ತವ್ಯ.